ಕಿಕ್ಕೂ ಜಾಸ್ತಿ ಬೇಕು, ಬೇಸೂ ಜಾಸ್ತಿ ಬೇಕು ಅಂದ್ರೆ ಹೇಗೆ ಮಾರಾಯ್ರೆ?

ಮಿಕ್ಸ್, ಅಂದ್ರೆ ಎಲ್ಲ ವಾದ್ಯ, ದನಿ ಹದವಾಗಿ ಸೇರಿಸಿದ ಹಾಡು, ಕಳಿಸಿದ ಮರುದಿನ ಬರುವ ವಾಯ್ಸ್ ಮೆಸೇಜ್ ಹೆಚ್ಚುಕಮ್ಮಿ ಒಂದೇ, ತುಳು ಹಾಡಿರ್ಲಿ, ಕೊಂಕಣಿ ಇರ್ಲಿ, ಚರ್ಚಿನ ಹುಡುಗರ ಬ್ಯಾಂಡ್ ಇರ್ಲಿ. "ಸಾರ್ ಲಾಯ್ಕ್ ಉಂಟು, ಬೇಸ್ ಸ್ವಲ್ಪ ಜಾಸ್ತಿ ಮಾಡಿ, ಹಾಗೇ ಕಿಕ್ ಕೂಡ." ಕಿಕ್ ಅಂದ್ರೆ ಡ್ರಮ್ ಸೆಟ್ಟಿನಲ್ಲಿ ಕಾಲಲ್ಲಿ ಬಾರಿಸುವ ದೊಡ್ಡ ಡ್ರಮ್, ಬೇಸ್ ಅಂದ್ರೆ ಬೇಸ್ ಗಿಟಾರ್. ಎಂತದರಲ್ಲಿ ಕೇಳಿದ್ದು ಅಂದ್ರೆ ಮೊಬೈಲಲ್ಲಿ.

ನೋಡಿ, ಬೇಸ್ ಗಿಟಾರಿನ ದಪ್ಪ ಇ ತಂತಿ 41 ಹರ್ಟ್ಜ್ (ಸೆಕೆಂಡಿಗೆ 41 ಕಂಪನ), ಎ ತಂತಿ 55. ಕಿಕ್ಕಿನ ಗುದ್ದು ಸಾಧಾರಣ 50ರಿಂದ 80ರ ಒಳಗೆ. ಎರಡಕ್ಕೂ ಬೇಕಾದ್ದು ಒಂದೇ ಜಾಗ. ಎರಡನ್ನೂ ಎತ್ತಿದ್ರೆ ಒಂದು ಇನ್ನೊಂದನ್ನು ಮುಚ್ತದೆ, ಕಡೆಗೆ ಶಬ್ದ ಮಿತಿ ಮೀರದ ಹಾಗೆ ತಡೆಯುವ ಲಿಮಿಟರ್ ಇಡೀ ಹಾಡನ್ನೇ ಅದುಮ್ತದೆ, ಆಗ ಮತ್ತೆ ಫೋನು, "ಸಾರ್ ವಾಯ್ಸ್ ಹಿಂದೆ ಹೋಯ್ತಲ್ಲ."

ಹಾಗಾಗಿ ತೀರಾ ಕೆಳಗೆ ಯಾರು ಅಂತ ಮೊದ್ಲೇ ತೀರ್ಮಾನ ಆಗ್ಬೇಕು. ಕಿಕ್ ಆದ್ರೆ ಬೇಸಿನಲ್ಲಿ 60ರ ಸುತ್ತ ಎರಡು ಮೂರು ಡೆಸಿಬೆಲ್ ಇಳಿಸಿ, ಅದರ ಮೈ 100ರ ಮೇಲೆ ಕೇಳುವ ಹಾಗೆ ಮಾಡಿ. ಬೇಸ್ ಆದ್ರೆ ಕಿಕ್ ತನ್ನ 3-4 ಸಾವಿರ ಹರ್ಟ್ಜಿನ 'ಟಕ್' ಮೇಲೆ ನಿಲ್ಬೇಕು. ಹಾಡಿನ ಮೇಲೆ ಹೋಗ್ತದೆ, ಎಲ್ಲದಕ್ಕೂ ಇದೇ ಲೆಕ್ಕ ಅಲ್ಲ. ಇಳಿಸಿದ ಕೂಡ್ಲೇ ಬೇಸ್ ನುಡಿಸಿದವನ ಮುಖ ಬಾಡ್ತದೆ, ಪಾಪ, ತನ್ನ ವಾದ್ಯ ಮಾತ್ರ ಕೇಳಿಸುವ ಸೋಲೋ ಬಟನ್ ಒತ್ತಿ "ತೆಳು ಆಯ್ತು" ಅಂತಾನೆ. ಆಗ್ಲಿ ಬಿಡಿ, ಕೇಳುವವರ ಹತ್ರ ಸೋಲೋ ಬಟನ್ ಇರುದಿಲ್ಲ!

ಇನ್ನು ಮೊಬೈಲ್. ಅಷ್ಟು ಚಿಕ್ಕ ಸ್ಪೀಕರಿಗೆ 41 ಹರ್ಟ್ಜ್ ಬರುದೇ ಇಲ್ಲ, ನೀವು ಎಷ್ಟು ಎತ್ತಿದ್ರೂ ಅಷ್ಟೆ. ಬೇಸಿಗೆ ಒಂಚೂರು ಸ್ಯಾಚುರೇಶನ್, ಅಂದ್ರೆ ಬೇಕೆಂದೇ ಸ್ವಲ್ಪ ಒಡಕು, ಕೊಟ್ರೆ 82, 124, 165, ಹೀಗೆ ಮೇಲಿನ ಹಾರ್ಮೋನಿಕ್ಸ್ (ಮೂಲ ಸ್ವರದ ಎರಡು, ಮೂರು, ನಾಲ್ಕು ಪಟ್ಟಿನವು) ಎದ್ದು ಬರ್ತವೆ, ಕೆಳಗಿನದ್ದನ್ನು ನಮ್ಮ ಕಿವಿಯೇ ತುಂಬಿಸಿಕೊಳ್ತದೆ.

ಸುರತ್ಕಲ್ ಕಡೆಯ ಒಬ್ಬ ಹುಡುಗ, ಒಳ್ಳೆ ಕಿವಿ ಅವನಿಗೆ, ಮನೆಯಲ್ಲೇ ಮಿಕ್ಸ್ ಮಾಡ್ತಿದ್ದ, ಬೇಸ್ ಕೇಳುದಿಲ್ಲ ಅಂತ ಎತ್ತಿ ಎತ್ತಿ ಕಡೆಗೆ ಕಾರಲ್ಲಿ ಹಾಕಿದ್ರೆ ಡೋರೇ ನಡುಗ್ತದೆ. ಹೋಗಿ ನೋಡಿದೆ. ಹತ್ತಡಿ ರೂಮು, ಕುರ್ಚಿ ಸರೀ ಮಧ್ಯದಲ್ಲಿ. ಹತ್ತಡಿ ಅಂತರದ ಗೋಡೆಗಳ ನಡುವೆ 56 ಹರ್ಟ್ಜ್ ಹತ್ರ ಅಲೆ ನಿಲ್ತದೆ, ಮಧ್ಯದಲ್ಲಿ ಕೂತವನಿಗೆ ಆ ಸ್ವರವೇ ಮಾಯ, ಅಂದ್ರೆ ಅವನ ಎ ತಂತಿ ಹೋಯ್ತು. ಗೋಡೆಗೆ ಅಂಟಿಸಿದ ತೆಳು ಫೋಮ್ ಇದಕ್ಕೆ ಎಂತ ಮಾಡುದೂ ಇಲ್ಲ. ನಿಮ್ಮ ರೂಮೂ ಹಾಗೇ ಅಂತ ನೋಡದೆ ಹೇಳ್ಲಿಕ್ಕೆ ಆಗುದಿಲ್ಲ, ಆದ್ರೆ ಶಬ್ದ ಏರಿಸಿ ಇಳಿಸುವ ಫೇಡರ್ ಮುಟ್ಟುವ ಮೊದ್ಲು ಕುರ್ಚಿ ಎರಡಡಿ ಹಿಂದೆ ಎಳ್ದು ಒಮ್ಮೆ ಕೇಳಿ, ಮತ್ತೆ ಹೆಡ್‌ಫೋನಲ್ಲೂ ಒಮ್ಮೆ.