ಮಾತ್ರೆ ತಪ್ಪಿದ ದಿನ ಬರುವ ಫೋನ್ ಕರೆ

ಟಿಬಿ ಮಾತ್ರೆ ಶುರು ಮಾಡಿದ ಕೆಲವೇ ವಾರಗಳಲ್ಲಿ ಕೆಮ್ಮು ಇಳಿಯುತ್ತದೆ, ಜ್ವರ ಬಿಡುತ್ತದೆ, ಮತ್ತೆ ಹಸಿವಾಗತೊಡಗುತ್ತದೆ. ಅಪಾಯ ಶುರುವಾಗುವುದೂ ಆಗಲೇ. ವಾಸಿಯಾಯಿತಲ್ಲ, ಇನ್ನು ಯಾಕೆ ಮಾತ್ರೆ ಎಂದು ಯಾರಿಗಾದರೂ ಅನ್ನಿಸುತ್ತದೆ.

ಒಳಗೆ ಮಾತ್ರ ಕೆಲಸ ಇನ್ನೂ ಮುಗಿದಿರುವುದಿಲ್ಲ. ಚುರುಕಾಗಿ ಬೆಳೆಯುವ ಬ್ಯಾಕ್ಟೀರಿಯಾಗಳು ಮೊದಮೊದಲೇ ಸಾಯುತ್ತವೆ. ಬೆಳವಣಿಗೆ ನಿಧಾನಿಸಿಕೊಂಡು ಸುಮ್ನೆ ಕೂತ ಕೆಲವು ಉಳಿದುಕೊಳ್ಳುತ್ತವೆ. ಅವನ್ನು ಮುಗಿಸಲು ತಿಂಗಳುಗಳೇ ಬೇಕು. ಅದಕ್ಕೇ ಔಷಧಕ್ಕೆ ಬಗ್ಗುವ ಟಿಬಿಗೂ ಬಹುಕಾಲದಿಂದ 6 ತಿಂಗಳ ಚಿಕಿತ್ಸೆ ಕೊಡುತ್ತಾ ಬಂದಿದ್ದಾರೆ. ಮೊದಲ 2 ತಿಂಗಳು ಐಸೊನಿಯಾಜಿಡ್, ರಿಫಾಂಪಿಸಿನ್, ಪೈರಜಿನಮೈಡ್, ಎಥಾಂಬುಟಾಲ್. ಉಳಿದ 4 ತಿಂಗಳು ಇವುಗಳಲ್ಲಿ ಎರಡೋ ಮೂರೋ. ನಡುವೆ ಬಿಟ್ಟರೆ ಕಾಯಿಲೆ ಮರುಕಳಿಸಬಹುದು. ಔಷಧಕ್ಕೆ ಜಗ್ಗದ ಬ್ಯಾಕ್ಟೀರಿಯಾ ಬೆಳೆದು, ಬೇರೆಯವರಿಗೆ ಅದೇ ಹರಡಲೂಬಹುದು.

ಹೀಗಾಗಿಯೇ ರೋಗಿ ಮಾತ್ರೆ ನುಂಗುವುದನ್ನು ಆರೋಗ್ಯ ಕಾರ್ಯಕರ್ತರು ಕಣ್ಣಾರೆ ನೋಡುವ ಪದ್ಧತಿ ಬಂತು. 1990ರ ದಶಕದಲ್ಲಿ ವಿಶ್ವ ಆರೋಗ್ಯ ಸಂಸ್ಥೆಯ ಡಾಟ್ಸ್ ಕಾರ್ಯಕ್ರಮದ ಜೊತೆ ಅದು ಎಲ್ಲೆಡೆ ಹರಡಿತು. ಉದ್ದೇಶ ಒಳ್ಳೆಯದೇ. ಆದರೆ ದಿನಗೂಲಿಯ ಮೇಲೆ ಬದುಕುವವರು ಮಾತ್ರೆ ನುಂಗಲೆಂದೇ ಕೆಲಸ ಬಿಟ್ಟು ಹೋಗಬೇಕು, ಓಡಾಟಕ್ಕೆ ಖರ್ಚು ಮಾಡಬೇಕು, ಕಾಯಬೇಕು. ಪರಿಚಯದವರು ಕಂಡುಬಿಟ್ಟರೆ ಎಂಬ ಅಂಜಿಕೆ ಬೇರೆ. ಕಾಯಿಲೆ ಬಿದ್ದವರ ಮೇಲೆ ಇಷ್ಟೊಂದು ಹೊರೆ ಹೊರಿಸುವುದು ನನಗೆ ಸರಿ ಕಾಣುವುದಿಲ್ಲ.

ಮೊಬೈಲ್ ಇಲ್ಲಿ ನಿಜಕ್ಕೂ ನೆರವಾಗುತ್ತದೆ. ಮಾತ್ರೆ ನುಂಗುವಾಗ ವಿಡಿಯೊ ತೆಗೆದು ಕಳಿಸಿದರೆ ಸಾಕು, ಕಾರ್ಯಕರ್ತರು ಆಮೇಲೆ ನೋಡುತ್ತಾರೆ. ಇಂಗ್ಲೆಂಡಿನಲ್ಲಿ ಇದನ್ನು ಪರೀಕ್ಷಿಸಿದ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಮೊದಲ 2 ತಿಂಗಳ ನಿಗದಿತ ಡೋಸ್‌ಗಳಲ್ಲಿ ಶೇ 80ರಷ್ಟನ್ನಾದರೂ ನೋಡಲು ಸಾಧ್ಯವಾದದ್ದು ವಿಡಿಯೊ ಗುಂಪಿನ ಶೇ 70 ರೋಗಿಗಳಲ್ಲಿ. ಎದುರಿಗೇ ನಿಂತು ನೋಡುವ ಗುಂಪಿನಲ್ಲಿ ಶೇ 31 ಮಾತ್ರ.

ಸ್ಮಾರ್ಟ್‌ಫೋನ್ ಇಲ್ಲದವರು ಏನು ಮಾಡಬೇಕು? ಬೆಂಗಳೂರಿನ ಮೈಕ್ರೋಸಾಫ್ಟ್ ರಿಸರ್ಚ್‌ನಲ್ಲಿ ಹುಟ್ಟಿದ 99ಡಾಟ್ಸ್ ಎಂಬ ವ್ಯವಸ್ಥೆ ಅವರಿಗಾಗಿಯೇ ಇದೆ. ಇದರ ಜಾಣತನ ನನಗೆ ತುಂಬ ಹಿಡಿಸುತ್ತದೆ. ಮಾತ್ರೆ ಪಟ್ಟಿಗೆ ಒಂದು ದಪ್ಪ ಕಾಗದದ ಹೊದಿಕೆ. ಮಾತ್ರೆ ಒತ್ತಿ ತೆಗೆದಾಗ ಅದರ ಹಿಂದೆ ಅಡಗಿದ್ದ ಫೋನ್ ನಂಬರ್ ಕಾಣುತ್ತದೆ. ಇವತ್ತು ಯಾವ ನಂಬರ್ ಎಂದು ಮೊದಲೇ ಊಹಿಸಲಾಗದು. ಆ ನಂಬರಿಗೆ ದುಡ್ಡಿಲ್ಲದೆ ಕರೆ ಮಾಡಿದರೆ ಆ ದಿನದ ಡೋಸ್ ದಾಖಲಾಗುತ್ತದೆ. ಆದರೆ ಮಾತ್ರೆ ತೆಗೆದು ಕರೆಯನ್ನಷ್ಟೇ ಮಾಡಿ, ನುಂಗದೆಯೂ ಇರಬಹುದು ಅಲ್ವಾ? ನುಂಗಿ ಕರೆ ಮಾಡುವುದನ್ನೇ ಮರೆಯುವವರೂ ಇದ್ದಾರೆ. ಹಾಗಾಗಿ ದಾಖಲೆಯನ್ನು ಕಣ್ಣುಮುಚ್ಚಿ ನಂಬುವಂತಿಲ್ಲ.

ಬರೀ ನೆನಪಿಸಿದರೆ ಸಾಕೇ? ಸಾಲದು. ಚೀನಾದಲ್ಲಿ ನಡೆದು 2015ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಎಸ್ಸೆಮ್ಮೆಸ್ ಒಂದರಿಂದಲೇ ಹೇಳಿಕೊಳ್ಳುವಂಥ ವ್ಯತ್ಯಾಸ ಆಗಲಿಲ್ಲ. ಹೊತ್ತಿಗೆ ಸರಿಯಾಗಿ ಸದ್ದು ಮಾಡಿ, ಮುಚ್ಚಳ ತೆರೆದದ್ದನ್ನು ದಾಖಲಿಸುವ ಮಾತ್ರೆ ಡಬ್ಬಿ ಕೊಟ್ಟ ಕಡೆ ತಪ್ಪಿದ ಡೋಸ್‌ಗಳು ಕಡಿಮೆಯಾದವು. ಅಲ್ಲಿ ಡಬ್ಬಿಯ ದಾಖಲೆಯನ್ನು ವೈದ್ಯರು ತಿಂಗಳಿಗೊಮ್ಮೆ ನೋಡಿ, ಜಾಸ್ತಿ ತಪ್ಪಿಸುವವರ ಮೇಲೆ ಹೆಚ್ಚು ನಿಗಾ ಇಡುತ್ತಿದ್ದರು.

ಕೀನ್ಯಾದ ನೈರೋಬಿಯ ಪ್ರಯೋಗ ಇನ್ನೂ ಮುಂದೆ ಹೋಯಿತು. ಸಾದಾ ಫೋನಿನಲ್ಲೇ ದಿನವೂ ಸಂದೇಶ. ಉತ್ತರ ಬಾರದಿದ್ದರೆ ಮತ್ತೊಂದು ಸಂದೇಶ. ಆಗಲೂ ಬಾರದಿದ್ದರೆ ಮನುಷ್ಯರೇ ಕರೆ ಮಾಡಿ ವಿಚಾರಿಸುತ್ತಿದ್ದರು. 2019ರಲ್ಲಿ ಬಂದ ಫಲಿತಾಂಶದ ಪ್ರಕಾರ, ಚಿಕಿತ್ಸೆ ಸರಿಯಾಗಿ ಮುಗಿಯದವರು ಈ ಗುಂಪಿನಲ್ಲಿ ಶೇ 4.2. ಎಂದಿನ ಚಿಕಿತ್ಸೆಯ ಗುಂಪಿನಲ್ಲಿ ಶೇ 13.1.

ಮಾತ್ರೆ ಬಿಡುವವರೆಲ್ಲ ಮರೆತು ಬಿಡುವುದಿಲ್ಲ. ವಾಕರಿಕೆ ಬರುತ್ತದೆ, ಕೀಲು ನೋಯುತ್ತದೆ. ರಿಫಾಂಪಿಸಿನ್‌ನಿಂದ ಮೂತ್ರ ಕಿತ್ತಳೆ ಬಣ್ಣಕ್ಕೆ ತಿರುಗಿದಾಗ ಗಾಬರಿಯಾಗುತ್ತದೆ. ಈ ಬಣ್ಣದಿಂದ ತೊಂದರೆ ಇಲ್ಲ, ಆದರೆ ಕಣ್ಣು ಹಳದಿಯಾದರೆ ತಕ್ಷಣ ಬನ್ನಿ ಎಂದು ಆ ಹೊತ್ತಿಗೆ ಹೇಳುವವರು ಬೇಕು. ಆ್ಯಪ್‌ಗೆ ಹಣ ಕೊಡುವವರು ಕರೆ ಮಾಡುವ ಸಿಬ್ಬಂದಿಗೂ ಸಂಬಳ ಕೊಡಲೇಬೇಕು ಎಂದು ನಾನು ಒತ್ತಿ ಹೇಳುವುದು ಇದಕ್ಕೇ.

ಗುಟ್ಟಿನ ವಿಷಯವನ್ನೂ ಹಗುರವಾಗಿ ನೋಡಬಾರದು. ಎಷ್ಟೋ ಕಡೆ ಮನೆಯವರಿಗೆಲ್ಲ ಒಂದೇ ಫೋನ್. ಸಂದೇಶದಲ್ಲಿ ಟಿಬಿ ಎಂಬ ಹೆಸರೇ ಇರಬಾರದು. ವಿಡಿಯೊವನ್ನು ಯಾರು ನೋಡುತ್ತಾರೆ, ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂದು ರೋಗಿಗೆ ಮೊದಲೇ ತಿಳಿಸಬೇಕು. ಫೋನ್ ಬೇಡ ಎನ್ನುವವರಿಗೆ ಬೇರೆ ವ್ಯವಸ್ಥೆ ಇರಬೇಕು, ಅವರ ಚಿಕಿತ್ಸೆಯಲ್ಲಿ ಏನೂ ಕಡಿಮೆಯಾಗಬಾರದು.