ಗ್ಯಾಸ್ ಹಾಕಿಸುವ ಮೊದಲು ಅದು ಎಲ್ಲಿ ಹೋಯಿತು ಅಂತ ಕೇಳಿ

ಶಿವರಾತ್ರಿ ಕಳೆದು ಬಿಸಿಲು ಏರಿತು ಅಂದರೆ ಚಿಕ್ಕಬಳ್ಳಾಪುರದ ನಮ್ಮ ಗ್ಯಾರೇಜಿನಲ್ಲಿ ದಿನವಿಡೀ ಒಂದೇ ಮಾತು. "ಸರ್, ಎಸಿ ಬಿಸಿ ಗಾಳಿ ಹೊಡೀತಿದೆ. ಗ್ಯಾಸ್ ಖಾಲಿ ಆಗಿರ್ಬೇಕು, ಹಾಕ್ಬಿಡಿ." ಏನು ಕೆಟ್ಟಿದೆ, ಏನು ಮಾಡಬೇಕು ಎರಡನ್ನೂ ಮನೆಯಲ್ಲೇ ತೀರ್ಮಾನ ಮಾಡಿಕೊಂಡು ಬಂದಿರುತ್ತಾರೆ. ಬಾನೆಟ್ ಎತ್ತಿ ನೋಡೋಣ ಅಂದರೆ, "ಹೋದ ವರ್ಷ ಅರ್ಧ ಗಂಟೆಯಲ್ಲಿ ಹಾಕಿಕೊಟ್ರಲ್ಲ ಬೇರೆ ಕಡೆ" ಅನ್ನುತ್ತಾರೆ. ಹೋದ ವರ್ಷ ಹಾಕಿದ್ದು ಈ ವರ್ಷ ಯಾಕೆ ಇಲ್ಲ ಅಂತ ಮಾತ್ರ ಯಾರೂ ಕೇಳುವುದಿಲ್ಲ.

ಎಸಿ ಗ್ಯಾಸ್ ಪೆಟ್ರೋಲಿನ ಹಾಗೆ ಉರಿದು ಮುಗಿಯುವುದಿಲ್ಲ. ಕಂಪ್ರೆಸರ್ ಅದನ್ನು ಒತ್ತಿ ಗಾಡಿಯ ಮುಂಭಾಗದ ಕಂಡೆನ್ಸರಿಗೆ ಕಳಿಸುತ್ತದೆ. ಅಲ್ಲಿ ಬಿಸಿ ಬಿಟ್ಟು ದ್ರವವಾಗುತ್ತದೆ. ಡ್ಯಾಶ್‌ಬೋರ್ಡ್ ಒಳಗಿನ ಕೂಲಿಂಗ್ ಕಾಯಿಲ್‌ನಲ್ಲಿ ಆವಿಯಾಗಿ, ಕಾರಿನೊಳಗಿನ ಬಿಸಿ ಹೀರಿ, ಮತ್ತೆ ಕಂಪ್ರೆಸರಿಗೇ ವಾಪಸ್ ಬರುತ್ತದೆ. ಸುತ್ತುವುದು ಅದೇ ಗ್ಯಾಸ್. ನಿಮ್ಮ ಮನೆಯ ಫ್ರಿಡ್ಜ್ ಇರುವುದೂ ಹೀಗೇ. ಅದಕ್ಕೆ ಪ್ರತಿ ಬೇಸಿಗೆಗೂ ಗ್ಯಾಸ್ ತುಂಬಿಸುತ್ತೀರಾ? ಇಲ್ಲ ಅಲ್ವಾ? ಕಾರಿನಲ್ಲಿ ಗ್ಯಾಸ್ ಕಡಿಮೆಯಾಗಿದ್ದರೆ ಎಲ್ಲೋ ತೂತಿದೆ ಅಂತಲೇ ಅರ್ಥ.

ಒಂದು ಮಾತು ಸೇರಿಸಬೇಕು. ಕಾರಿನಲ್ಲಿ ರಬ್ಬರ್ ಪೈಪುಗಳಿವೆ, ಕಂಪ್ರೆಸರಿನ ಶಾಫ್ಟಿಗೆ ಸೀಲ್ ಇದೆ, ಎಂಜಿನ್ ಸದಾ ಅದುರುತ್ತಿರುತ್ತದೆ. ಹಾಗಾಗಿ ವರ್ಷಗಳು ಕಳೆದಂತೆ ತುಸು ಜಿನುಗುವುದು ಸಹಜ. ಎಂಟು ಹತ್ತು ವರ್ಷದ ಗಾಡಿಗೆ ಮೊದಲ ಸಲ ಗ್ಯಾಸ್ ಬೇಕಾಯಿತು ಅಂದರೆ ನಾನು ಗಾಬರಿಯಾಗುವುದಿಲ್ಲ. ವರ್ಷವರ್ಷವೂ ಬೇಕು ಅಂದರೆ ಅದು ಲೀಕೇ.

ಲೀಕ್ ಇದ್ದರೆ ಇರಲಿ, ವರ್ಷಕ್ಕೊಂದು ಸಲ ಹಾಕಿಸಿದರಾಯಿತು ಅನ್ನುವವರಿದ್ದಾರೆ. ಇಲ್ಲೇ ದೊಡ್ಡ ನಷ್ಟ. ಗ್ಯಾಸಿನ ಜೊತೆ ಕಂಪ್ರೆಸರಿನ ಎಣ್ಣೆಯೂ ಸುತ್ತುತ್ತಿರುತ್ತದೆ. ತೂತಿನಿಂದ ಗ್ಯಾಸ್ ಹೋಗುವಾಗ ಎಣ್ಣೆಯೂ ಹೋಗುತ್ತದೆ. ಮೇಲಿಂದ ಮೇಲೆ ಬರೀ ಗ್ಯಾಸ್ ತುಂಬಿದರೆ ಕಂಪ್ರೆಸರ್ ಒಣಗಿ ಓಡುತ್ತದೆ. ಬಾಗೇಪಲ್ಲಿ ಕಡೆಯ ರೈತರೊಬ್ಬರು ಮೂರು ಬೇಸಿಗೆ ಹೀಗೇ ಗ್ಯಾಸ್ ಹಾಕಿಸಿಕೊಂಡು, ನಾಲ್ಕನೆಯದಕ್ಕೆ ನಮ್ಮಲ್ಲಿಗೆ ಬಂದರು. ಕಂಡೆನ್ಸರಿಗೆ ಪೈಪ್ ಸೇರುವ ಜಾಗದಲ್ಲಿ ಧೂಳು ಎಣ್ಣೆಗೆ ಅಂಟಿ ಕಪ್ಪಗೆ ಗಟ್ಟಿಯಾಗಿತ್ತು. ಒರೆಸಿ, ಸೋಪು ನೀರು ಹಚ್ಚಿದೆ. ಸ್ವಲ್ಪ ಹೊತ್ತು ಏನೂ ಇಲ್ಲ. ಆಮೇಲೆ ಸಾಸಿವೆ ಗಾತ್ರದ ಒಂದು ಗುಳ್ಳೆ ನಿಧಾನವಾಗಿ ಊದಿಕೊಂಡಿತು, ಅದರ ಪಕ್ಕ ಇನ್ನೊಂದು. ಒಳಗಿನ ರಬ್ಬರ್ ಓ ರಿಂಗ್ ಚಪ್ಪಟೆಯಾಗಿ ಬಿರುಕು ಬಿಟ್ಟಿತ್ತು. ಬಹಳ ಕಡಿಮೆ ಬೆಲೆಯ ಸಾಮಾನು ಅದು. ಆದರೆ ಅಷ್ಟರಲ್ಲಿ ಕಂಪ್ರೆಸರ್ ಕೆತ್ತಿಹೋಗಿತ್ತು, ಲೋಹದ ಪುಡಿ ಕಂಡೆನ್ಸರ್‌ವರೆಗೂ ಹರಡಿತ್ತು. ಎಲ್ಲ ಬದಲಾಯಿಸಬೇಕು ಅಂದಾಗ ಆ ಹಿರಿಯರು ಜೇಬು ಮುಟ್ಟಿಕೊಂಡು ಸುಮ್ನೆ ನಿಂತರು. ನನಗೆ ಹೊಟ್ಟೆ ಉರಿಯಿತು. ಮೊದಲ ಬೇಸಿಗೆಯಲ್ಲೇ ಯಾರಾದರೂ ಆ ಕಪ್ಪು ಕಲೆ ನೋಡಬಾರದಿತ್ತೇ?

ಸರಿಯಾದ ಕೆಲಸಕ್ಕೆ ಹೊತ್ತು ಹಿಡಿಯುತ್ತದೆ. ನೈಟ್ರೋಜನ್ ತುಂಬಿ ಒತ್ತಡ ಇಳಿಯುತ್ತದಾ ಅಂತ ಕಾಯಬೇಕು. ಲೀಕ್ ಸರಿಮಾಡಿದ ಮೇಲೆ ಕನಿಷ್ಠ ಅರ್ಧ ಗಂಟೆ ವ್ಯಾಕ್ಯೂಮ್ ಎಳೆಯಬೇಕು, ಅಂದರೆ ಒಳಗಿನ ಗಾಳಿ, ತೇವ ಎಲ್ಲ ಪಂಪಿನಿಂದ ಹೊರಗೆ ಹೀರಬೇಕು. ಒಳಗೆ ತೇವ ಉಳಿದರೆ, ದ್ರವವನ್ನು ಸಣ್ಣ ಕಿಂಡಿಯಿಂದ ಕೂಲಿಂಗ್ ಕಾಯಿಲ್‌ಗೆ ಬಿಡುವ ಎಕ್ಸ್‌ಪಾನ್ಷನ್ ವಾಲ್ವಿನ ಬಾಯಲ್ಲಿ ಮಂಜುಗಡ್ಡೆ ಕಟ್ಟಿ, ಸ್ವಲ್ಪ ಹೊತ್ತು ತಂಪು, ಸ್ವಲ್ಪ ಹೊತ್ತು ಬಿಸಿ ಅಂತ ಶುರುವಾಗುತ್ತದೆ. ಹೋದಷ್ಟು ಎಣ್ಣೆಯನ್ನೂ ಸೇರಿಸಬೇಕು. ಇನ್ನು ಗ್ಯಾಸನ್ನು ತೂಕ ಮಾಡಿಯೇ ಹಾಕಬೇಕು. ಎಷ್ಟು ಗ್ರಾಂ ಅಂತ ಸಾಮಾನ್ಯವಾಗಿ ಬಾನೆಟ್ ಕೆಳಗಿನ ಸ್ಟಿಕ್ಕರಿನಲ್ಲೇ ಇರುತ್ತದೆ. ಎಂಜಿನ್ ನಿಲ್ಲಿಸಿ ಒತ್ತಡ ಅಳೆಯುವ ಗೇಜ್ ಹಾಕಿದರೆ, ಕಾರಿನ ಎಸಿಗೆ ಬಳಸುವ ಆರ್‌-134ಎ ಗ್ಯಾಸ್ 30 ಡಿಗ್ರಿ ಬಿಸಿಲಲ್ಲಿ ಸುಮಾರು 95 ಪಿಎಸ್‌ಐ ತೋರಿಸುತ್ತದೆ. ಒಳಗೆ ಸ್ವಲ್ಪ ದ್ರವ ಉಳಿದಿದ್ದರೆ ಸಾಕು, 200 ಗ್ರಾಂ ಇದ್ದರೂ ಅಷ್ಟೇ, 500 ಇದ್ದರೂ ಅಷ್ಟೇ. ಆ ಮುಳ್ಳು ನೋಡಿ "ಗ್ಯಾಸ್ ಫುಲ್ ಇದೆ" ಅಂದರೆ ನಂಬಬೇಡಿ. ಜಾಸ್ತಿ ತುಂಬಿದರೂ ತಂಪು ಕಡಿಮೆಯೇ ಆಗುತ್ತದೆ. ಇದೇ ಗ್ಯಾಸ್ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಕಾರ್ಬನ್ ಡೈಆಕ್ಸೈಡಿಗಿಂತ ಸಾವಿರ ಪಟ್ಟಿಗೂ ಮೇಲೆ. ಲೀಕ್ ಇರುವ ಗಾಡಿಗೆ ತುಂಬಿದರೆ ಅದನ್ನು ದುಡ್ಡು ಕೊಟ್ಟು ಗಾಳಿಗೆ ಬಿಟ್ಟ ಹಾಗೇ ಆಯಿತು.

ಎಷ್ಟೋ ಸಲ ಗ್ಯಾಸ್ ಸರಿಯಾಗೇ ಇರುತ್ತದೆ. ದೇವನಹಳ್ಳಿ ಏರ್‌ಪೋರ್ಟಿಗೆ ಬಾಡಿಗೆ ಓಡಿಸುವ ನಮ್ಮ ಹುಡುಗರು ಹೇಳುವುದು ಕೇಳಿ: "ಅಣ್ಣ, ಹೈವೇಯಲ್ಲಿ ಚೆನ್ನಾಗಿ ಕೂಲಿಂಗ್ ಬರುತ್ತೆ, ಪಾರ್ಕಿಂಗ್‌ನಲ್ಲಿ ನಿಂತ್ರೆ ಬಿಸಿ." ಇದು ಕೇಳಿದ ತಕ್ಷಣ ನಾನು ಕಂಡೆನ್ಸರ್ ಮುಂದೆ ಬಗ್ಗುತ್ತೇನೆ. ಫ್ಯಾನ್ ತಿರುಗುತ್ತಿರುವುದಿಲ್ಲ, ಇಲ್ಲವೇ ಕಲ್ಲು ಕ್ರಷರ್ ಧೂಳು ಕಂಡೆನ್ಸರಿನ ತೆಳು ರೆಕ್ಕೆಗಳ ಮಧ್ಯೆ ಕಟ್ಟಿಕೊಂಡಿರುತ್ತದೆ. ನೀರು ಹಾಯಿಸಿ ತೊಳೆದರೇ ಎಷ್ಟೋ ವ್ಯತ್ಯಾಸ. ಆದರೆ ಜೋರು ಪ್ರೆಷರಿನಲ್ಲಿ ಹೊಡೆಯಬೇಡಿ, ರೆಕ್ಕೆ ಮಡಚಿಕೊಳ್ಳುತ್ತವೆ. ಕಂಪ್ರೆಸರಿಗೆ ವಾಪಸ್ ಬರುವ ದಪ್ಪ ಪೈಪ್ ಕೈಗೆ ಕೊರೆಯುವಷ್ಟು ತಣ್ಣಗಿದ್ದು, ಒಳಗೆ ಮಾತ್ರ ಬಿಸಿ ಗಾಳಿ ಬಂದರೆ ಡ್ಯಾಶ್‌ಬೋರ್ಡ್ ಒಳಗೆ ಹೀಟರಿನ ಬಾಗಿಲು ಸಿಕ್ಕಿಕೊಂಡಿರಬಹುದು. ಎಸಿ ಹಾಕಿದಾಗ ಕಂಪ್ರೆಸರ್ ಕಚ್ಚದೇ ಇದ್ದರೆ, ಅಂದರೆ ಕೆಲಸ ಶುರು ಮಾಡದಿದ್ದರೆ, ಫ್ಯೂಸ್, ರಿಲೇ ಮೊದಲು ನೋಡಬೇಕು. ಗಾಡಿ ಕಣ್ಣಾರೆ ನೋಡದೆ ಫೋನಿನಲ್ಲಿ ಖಚಿತವಾಗಿ ಹೇಳಲು ನನ್ನಿಂದ ಆಗುವುದಿಲ್ಲ.

ಮುಂದಿನ ಸಲ ಬರುವಾಗ ಗ್ಯಾಸ್ ಹಾಕಿ ಅನ್ನುವ ಬದಲು ಮೂರು ವಿಷಯ ಹೇಳಿ. ಬಿಸಿ ಗಾಳಿ ನಿಂತಾಗಲೋ, ಓಡುವಾಗಲೋ? ಒಂದೇ ಸಲ ನಿಂತಿತೋ, ದಿನ ಕಳೆದಂತೆ ತಂಪು ಇಳಿಯಿತೋ? ಕೊನೆಗೆ ಗ್ಯಾಸ್ ಹಾಕಿಸಿದ್ದು ಯಾವಾಗ, ಎಷ್ಟು ಗ್ರಾಂ? ಬಿಲ್ ಇದ್ದರೆ ತನ್ನಿ. ಗಾಡಿಯನ್ನು ಬೆಳಗ್ಗೆಯೇ ಬಿಟ್ಟು ಹೋಗಿ, ಸಂಜೆವರೆಗೆ ಟೈಮ್ ಕೊಡಿ. ಕೂಲಿಂಗ್ ಕಾಯಿಲ್‌ನಲ್ಲೇ ಲೀಕ್ ಆಗಿದ್ದರೆ ಡ್ಯಾಶ್‌ಬೋರ್ಡ್ ಬಿಚ್ಚಬೇಕಾಗಬಹುದು, ಆಗ ಇನ್ನೊಂದು ದಿನ ಜಾಸ್ತಿ ಬೇಕು.