ಎಂಟರ್ ಒತ್ತಿದ ಮೇಲೂ ಟರ್ಮಿನಲ್ ಯಾಕೆ ಸುಮ್ನೆ ಕೂರುತ್ತಿತ್ತು?

ಪ್ರಶ್ನೆ: "ನಾನು ಒಂದು ಹಳೆಯ ಮೇನ್‌ಫ್ರೇಮ್ ಸಿಸ್ಟಮ್ ನೋಡಿಕೊಳ್ಳುವ ಕೆಲಸಕ್ಕೆ ಸೇರಿದ್ದೇನೆ. ಹಿಂದಿನ ಕಾಲದಲ್ಲಿ ಟರ್ಮಿನಲ್ ತಾನಾಗಿ ಏನನ್ನೂ ಕಳಿಸುತ್ತಿರಲಿಲ್ಲ, ಮೇನ್‌ಫ್ರೇಮ್ ಕೇಳಿದಾಗ ಮಾತ್ರ ಕೊಡುತ್ತಿತ್ತು ಅಂತ ಸೀನಿಯರ್ ಹೇಳುತ್ತಾರೆ. ಅಂದರೆ ಎಂಟರ್ ಒತ್ತಿದ ಮೇಲೂ ಅದು ಸುಮ್ನೆ ಕೂರುತ್ತಿತ್ತಾ? ಎಷ್ಟು ಹೊತ್ತು?"
ಓದುಗರು, ವಿದ್ಯಾನಗರ, ಹುಬ್ಬಳ್ಳಿ

ನಿಮ್ಮ ಸೀನಿಯರ್ ಹೇಳಿದ್ದು ನಿಜ. ಟರ್ಮಿನಲ್, ಅಂದರೆ ಮೇನ್‌ಫ್ರೇಮ್ ಅನ್ನುವ ದೊಡ್ಡ ಕಂಪ್ಯೂಟರ್‌ಗೆ ಜೋಡಿಸಿದ ಪರದೆ ಮತ್ತು ಕೀಬೋರ್ಡ್, ತನ್ನ ಸರದಿಗಾಗಿ ಕಾಯುತ್ತಿತ್ತು. ಆದರೆ ಬಹಳ ಜನ ಅಂದುಕೊಂಡಷ್ಟು ಹೊತ್ತು ಅಲ್ಲ. ಹೊತ್ತು ತಿನ್ನುತ್ತಿದ್ದದ್ದು ಬೇರೆಯೇ ಇತ್ತು. ಅದು ಏನು ಅನ್ನೋದಕ್ಕೆ ಮೊದಲು ತಂತಿಯ ಕಥೆ ಗೊತ್ತಾಗಬೇಕು.

ಹುಬ್ಬಳ್ಳಿಯಲ್ಲಿ ಒಂದು ಮೇನ್‌ಫ್ರೇಮ್ ಇದೆ, ಧಾರವಾಡ, ಗದಗ, ಹಾವೇರಿಯಲ್ಲಿ ಶಾಖೆಗಳಿವೆ ಅಂತ ಲೆಕ್ಕಕ್ಕೆ ಇಟ್ಟುಕೊಳ್ಳಿ. ಒಂದೊಂದು ಶಾಖೆಗೂ ಬೇರೆ ಬೇರೆ ಲೀಸ್ಡ್ ಲೈನ್, ಅಂದರೆ ಬಾಡಿಗೆಯ ಖಾಸಗಿ ತಂತಿ, ಎಳೆಸಿದರೆ ಬಾಡಿಗೆ ಕಟ್ಟಿಯೇ ಸಾಕಾಗುತ್ತದೆ. ಅದಕ್ಕೆ ಒಂದೇ ಲೈನ್ ತೆಗೆದುಕೊಂಡು, ದಾರಿಯಲ್ಲಿ ಸಿಗುವ ಶಾಖೆಗಳನ್ನೆಲ್ಲ ಅದಕ್ಕೇ ಜೋಡಿಸುತ್ತಿದ್ದರು. ಮಲ್ಟಿಡ್ರಾಪ್ ಲೈನ್ ಅಂತ ಇದರ ಹೆಸರು. ಇಂಥ ನಾಲ್ಕು ತಂತಿಯ ಲೈನಿನಲ್ಲಿ ಒಂದು ವಿಶೇಷ ಇದೆ. ಹುಬ್ಬಳ್ಳಿ ಮಾತಾಡಿದ್ದು ಎಲ್ಲ ಶಾಖೆಗಳಿಗೂ ಕೇಳುತ್ತದೆ. ಗದಗ ಮಾತಾಡಿದ್ದು ಮಾತ್ರ ಹುಬ್ಬಳ್ಳಿಗೆ ಕೇಳುತ್ತದೆಯೇ ಹೊರತು ಹಾವೇರಿಗೆ ಕೇಳುವುದಿಲ್ಲ. ಹಾಗಾಗಿ 'ಲೈನ್ ಖಾಲಿ ಇದೆಯಾ ನೋಡಿ ಮಾತಾಡೋಣ' ಅನ್ನುವ ದಾರಿಯೇ ಇಲ್ಲ. ಗದಗ ಮಾತಾಡುತ್ತಿದೆ ಅನ್ನೋದು ಹಾವೇರಿಗೆ ಗೊತ್ತಾಗುವುದೇ ಇಲ್ಲ. ಇಬ್ಬರೂ ಒಟ್ಟಿಗೆ ಶುರು ಮಾಡಿದರೆ ಹುಬ್ಬಳ್ಳಿಗೆ ಬರುವುದು ಬರೀ ಕಲಸುಮೇಲೋಗರ.

ಎಲ್ಲರ ಮಾತೂ ಕೇಳಿಸುವುದು ಒಬ್ಬರಿಗೇ. ಹಾಗಾಗಿ ಸರದಿ ಹಂಚುವುದೂ ಅವರ ಕೆಲಸವೇ ಆಯಿತು. ಇದೇ ಪೋಲಿಂಗ್.

ನಮ್ಮ ಕಡೆಯ ಖಾನಾವಳಿಯಲ್ಲಿ ಊಟಕ್ಕೆ ಕೂತಿದ್ದರೆ ಇದನ್ನು ನೀವು ನೋಡಿಯೇ ಇರುತ್ತೀರಿ. ಬಡಿಸುವವರು ರೊಟ್ಟಿ ಹಿಡಿದು ಟೇಬಲ್ ಟೇಬಲ್ ಸುತ್ತುತ್ತಾರೆ. ಒಬ್ಬೊಬ್ಬರನ್ನೂ ಕೇಳುತ್ತ ನಿಲ್ಲುವುದಿಲ್ಲ. ಟೇಬಲ್ ಮುಂದೆ ಬಂದು "ರೊಟ್ಟಿ ಬೇಕೇನ್ರಿ?" ಅಂತ ಒಂದೇ ಸಲ ಕೇಳುತ್ತಾರೆ. ಬೇಕಾದವರು ಹೇಳುತ್ತಾರೆ. ಯಾರಿಗೂ ಬೇಡದಿದ್ದರೆ "ಬ್ಯಾಡ್ರಿ" ಅನ್ನುತ್ತಾರೆ, ಅವರು ಮುಂದಿನ ಟೇಬಲ್‌ಗೆ ಹೋಗುತ್ತಾರೆ.

ಐಬಿಎಂ 1971ರಲ್ಲಿ ತಂದ 3270 ಟರ್ಮಿನಲ್‌ಗಳು ದೂರದ ಲೈನಿನಲ್ಲಿ ನಡೆಸಿದ್ದು ಹೆಚ್ಚುಕಡಿಮೆ ಇದನ್ನೇ. ಒಂದು ಶಾಖೆಯ ಟರ್ಮಿನಲ್‌ಗಳೆಲ್ಲ ಒಂದು ಕಂಟ್ರೋಲರ್ ಪೆಟ್ಟಿಗೆಗೆ ಸೇರಿರುತ್ತಿದ್ದವು. ಒಂದು ಕಂಟ್ರೋಲರ್‌ಗೆ 32 ಟರ್ಮಿನಲ್‌ವರೆಗೆ ಜೋಡಿಸಬಹುದಿತ್ತು. ಆ ಕಂಟ್ರೋಲರೇ ನಮ್ಮ ಟೇಬಲ್. ನೀವು ಎಂಟರ್ ಒತ್ತುವವರೆಗೂ ಟೈಪ್ ಮಾಡಿದ ಒಂದು ಅಕ್ಷರವೂ ಮೇನ್‌ಫ್ರೇಮ್ ಕಡೆಗೆ ಹೋಗುವುದಿಲ್ಲ. ಒತ್ತಿದ ಕೂಡಲೇ ಕೀಬೋರ್ಡ್ ಲಾಕ್ ಆಗುತ್ತದೆ. ಯಾವ ಕೀ ಒತ್ತಿದಿರಿ, ಕರ್ಸರ್ ಎಲ್ಲಿತ್ತು, ನೀವು ತುಂಬಿದ ಜಾಗಗಳಲ್ಲಿ ಏನಿದೆ, ಇಷ್ಟು ಮಾತ್ರ ಕಳಿಸಲು ತಯಾರಾಗಿ ಕಂಟ್ರೋಲರ್ ಹತ್ತಿರ ಕಾಯುತ್ತದೆ. ಪರದೆಯ ಮೇಲೆ ಮೊದಲೇ ಅಚ್ಚಾಗಿದ್ದ 'ಹೆಸರು', 'ಖಾತೆ ಸಂಖ್ಯೆ' ಅನ್ನೋ ಪದಗಳು ವಾಪಸ್ ಹೋಗುವುದಿಲ್ಲ. ದುಬಾರಿ ತಂತಿಯನ್ನು ಇಷ್ಟು ಹಿಡಿತದಿಂದ ಬಳಸಿದ ಈ ಯೋಚನೆ ನನಗೆ ಇವತ್ತಿಗೂ ಬಹಳ ಇಷ್ಟ.

ಲೈನಿನ ಮೇಲಿನ ಮಾತುಕತೆಗೆ ಆಗ ಬಳಸಿದ್ದು ಬೈನರಿ ಸಿಂಕ್ರೊನಸ್ ಪದ್ಧತಿ, ಚಿಕ್ಕದಾಗಿ ಬಿಎಸ್‌ಸಿ. ಐಬಿಎಂ ಇದನ್ನು 1967ರಲ್ಲಿ ತಂದಿತ್ತು. ಮೇನ್‌ಫ್ರೇಮ್ ಕಡೆಯಿಂದ ಮೊದಲು ಇಒಟಿ ಅನ್ನುವ ಸಂಕೇತ ಹೋಗುತ್ತದೆ. ಎಲ್ಲರೂ ಸುಮ್ಮನಾಗಿ ಹೆಸರು ಕೇಳಿಸಿಕೊಳ್ಳಿ ಅಂತ ಅದರ ಅರ್ಥ. ಆಮೇಲೆ ಕಂಟ್ರೋಲರ್‌ನ ವಿಳಾಸ ಎರಡು ಸಲ, ಟರ್ಮಿನಲ್‌ನ ವಿಳಾಸ ಎರಡು ಸಲ, ಕೊನೆಗೆ ಇಎನ್‌ಕ್ಯೂ, ಅಂದರೆ 'ಏನಾದರೂ ಇದೆಯಾ?'. ಎರಡೆರಡು ಸಲ ಯಾಕೆ ಅಂದರೆ, ತಂತಿಯ ಗದ್ದಲದಲ್ಲಿ ಒಂದು ಬಿಟ್ ಕೆಟ್ಟು ಹೆಸರು ತಪ್ಪಾಗಿ ಕೇಳಿಸಬಾರದು ಅಂತ. ಟರ್ಮಿನಲ್ ವಿಳಾಸದ ಜಾಗದಲ್ಲಿ ಹೆಕ್ಸ್ (ಹದಿನಾರರ ಲೆಕ್ಕದ ಸಂಖ್ಯೆ) 7ಎಫ್ ಇಟ್ಟರೆ ಅದು ಜನರಲ್ ಪೋಲ್, ಅಂದರೆ ಇಡೀ ಟೇಬಲ್‌ಗೆ ಕೇಳಿದ ಹಾಗೆ. ಕೊಡುವಂಥದ್ದು ಏನೂ ಇಲ್ಲದಿದ್ದರೆ ಕಂಟ್ರೋಲರ್ ಇಒಟಿ ಅನ್ನುತ್ತದೆ. ಇದ್ದರೆ ಡೇಟಾ ಕೊಡುತ್ತದೆ. ಡೇಟಾ ಕೆಟ್ಟು ಬಂದಿದ್ದರೆ ಮೇನ್‌ಫ್ರೇಮ್ ಎನ್‌ಎಕೆ, ಅಂದರೆ 'ಸರಿಯಾಗಿ ಬರಲಿಲ್ಲ', ಅಂತ ಕಳಿಸುತ್ತದೆ, ಕಂಟ್ರೋಲರ್ ಮತ್ತೆ ಅದನ್ನೇ ಕಳಿಸುತ್ತದೆ.

ಮೇನ್‌ಫ್ರೇಮೇ ಏನಾದರೂ ಕೊಡಬೇಕಾದಾಗ ಬೇರೆ ಕ್ರಮ. ಅದಕ್ಕೆ ಸೆಲೆಕ್ಟ್ ಅನ್ನುತ್ತಾರೆ. ಅದಕ್ಕಾಗಿ ಒಂದೊಂದು ಕಂಟ್ರೋಲರ್‌ಗೂ ಎರಡನೇ ಹೆಸರಿತ್ತು. ಸೊನ್ನೆ ನಂಬರಿನ ಕಂಟ್ರೋಲರ್‌ನ ಪೋಲ್ ವಿಳಾಸ ಹೆಕ್ಸ್ 40, ಸೆಲೆಕ್ಟ್ ವಿಳಾಸ ಹೆಕ್ಸ್ 60. ಯಾವ ಹೆಸರಿನಿಂದ ಕರೆದರು ಅನ್ನೋದರಿಂದಲೇ ಕೊಡಬೇಕೋ ತೆಗೆದುಕೊಳ್ಳಬೇಕೋ ಗೊತ್ತಾಗುತ್ತಿತ್ತು.

ಈಗ ನಿಮ್ಮ 'ಎಷ್ಟು ಹೊತ್ತು' ಅನ್ನುವ ಪ್ರಶ್ನೆ. ಪೆನ್ನು ಹಿಡಿದು ಲೆಕ್ಕ ಹಾಕೋಣ.

ಲೈನಿನ ವೇಗ ಸೆಕೆಂಡಿಗೆ 4800 ಬಿಟ್, ಒಂದು ಅಕ್ಷರಕ್ಕೆ ಎಂಟು ಬಿಟ್, ಅಂದರೆ ಸೆಕೆಂಡಿಗೆ 600 ಅಕ್ಷರ. ಒಂದು ಪೋಲ್ ಹನ್ನೆರಡು ಅಕ್ಷರ ಅಂತ ಹಿಡಿದರೆ 20 ಮಿಲಿಸೆಕೆಂಡ್. 'ಇಲ್ಲ' ಅನ್ನುವ ಉತ್ತರ, ಮೋಡೆಮ್ (ಡೇಟಾವನ್ನು ಲೈನಿಗೆ ಹೊಂದಿಸುವ ಪೆಟ್ಟಿಗೆ) ತಯಾರಾಗುವ ಹೊತ್ತು ಎಲ್ಲ ಸೇರಿ ಒಂದು ಕಂಟ್ರೋಲರ್‌ಗೆ 50 ಮಿಲಿಸೆಕೆಂಡ್ ಅಂತ ಇಟ್ಟುಕೊಳ್ಳಿ. ಲೈನಿನಲ್ಲಿ ಎಂಟು ಕಂಟ್ರೋಲರ್ ಇದ್ದರೆ ಯಾರಿಗೂ ಏನೂ ಬೇಡದ ಒಂದು ಸುತ್ತು 0.4 ಸೆಕೆಂಡಿಗೆ ಮುಗಿಯುತ್ತದೆ. ಸರಾಸರಿ ನೀವು ಕಾಯುವುದು ಅದರ ಅರ್ಧ, 0.2 ಸೆಕೆಂಡ್. ಎಂಟೂ ಕಡೆ 32 ಟರ್ಮಿನಲ್ ಇದ್ದು, ಒಂದೊಂದನ್ನೂ ಬೇರೆ ಬೇರೆ ಕೇಳಿದ್ದರೆ? ಒಟ್ಟು 256 ಟರ್ಮಿನಲ್, ಒಂದು ಸುತ್ತಿಗೆ ಸುಮಾರು 13 ಸೆಕೆಂಡ್. ಜನರಲ್ ಪೋಲ್ ಎಷ್ಟು ಉಳಿಸುತ್ತಿತ್ತು ನೋಡಿ.

ಹಾಗಾದರೆ ಜನ ನಿಜವಾಗಿ ಕಾಯುತ್ತಿದ್ದದ್ದು ಯಾವುದಕ್ಕೆ? ಪರದೆಗೆ. 24 ಸಾಲು, ಸಾಲಿಗೆ 80 ಅಕ್ಷರ, ಒಟ್ಟು 1920. ಪೂರ್ತಿ ತುಂಬಿದ ಪರದೆ ಇದೇ ಲೈನಿನಲ್ಲಿ ಬರಲು 3.2 ಸೆಕೆಂಡ್ ಬೇಕು. ಅಷ್ಟು ಹೊತ್ತು ಆ ಲೈನಿನ ಉಳಿದವರಿಗೂ ಸರದಿ ಇಲ್ಲ. ಪೋಲಿಂಗ್ ನಿಧಾನ ಅಂತ ಹೇಳುವವರು ಈ ಲೆಕ್ಕವನ್ನು ಒಂದು ಸಲ ಹಾಕಿ ನೋಡಬೇಕು ಅಂತ ನನಗೆ ಅನಿಸುತ್ತದೆ.

ಪೋಲಿಂಗ್ ಕೈಕೊಡುತ್ತಿದ್ದದ್ದು ಇನ್ನೊಂದು ಕಡೆ. ಹಾವೇರಿಯ ಕಂಟ್ರೋಲರ್‌ಗೆ ಕರೆಂಟ್ ಹೋಯಿತು ಅಂದುಕೊಳ್ಳಿ. ಅದು 'ಇಲ್ಲ' ಅಂತಲೂ ಹೇಳಲಾರದು. ಕೇಳಿದವರಿಗೆ ಅದು ಸತ್ತಿದೆಯೋ ತಡ ಮಾಡುತ್ತಿದೆಯೋ ಗೊತ್ತಿಲ್ಲ. ಬಿಎಸ್‌ಸಿಯಲ್ಲಿ ಉತ್ತರಕ್ಕೆ ಸಾಮಾನ್ಯವಾಗಿ 3 ಸೆಕೆಂಡ್ ಕಾಯುತ್ತಿದ್ದರು. ಅಲ್ಲಿಗೆ 0.4 ಸೆಕೆಂಡಿನ ಸುತ್ತು 3 ಸೆಕೆಂಡ್ ದಾಟಿತು. ತಪ್ಪು ಹಾವೇರಿಯದ್ದು, ತೊಂದರೆ ಧಾರವಾಡದವರಿಗೂ ಗದಗದವರಿಗೂ! ಖಾನಾವಳಿಯಲ್ಲಿ ಒಬ್ಬರು ಫೋನಿನಲ್ಲಿ ಮುಳುಗಿ ಬೇಕು ಬೇಡ ಏನೂ ಹೇಳದಿದ್ದರೆ ಬಡಿಸುವವರು ಅಲ್ಲೇ ನಿಲ್ಲಬೇಕಾಗುತ್ತದೆ ಅಲ್ವಾ, ಹಾಗೆ. ಇದಕ್ಕೆ ಮದ್ದು, ಸತ್ತ ಕಂಟ್ರೋಲರ್ ಅನ್ನು, ಯಾರನ್ನು ಯಾವಾಗ ಕೇಳಬೇಕು ಅಂತ ಮೇನ್‌ಫ್ರೇಮ್ ಕಡೆ ಇರುವ ಪಟ್ಟಿಯಿಂದ ತೆಗೆಯುವುದು. ಇಡೀ ಆಟ ನಡೆಯುವುದೇ ಆ ಪಟ್ಟಿಯ ಮೇಲೆ. ಜಾಸ್ತಿ ಕೆಲಸ ಇರುವ ಶಾಖೆಯ ಹೆಸರನ್ನು ಅದರಲ್ಲಿ ಎರಡು ಸಲ ಬರೆದು, ಹೆಚ್ಚು ಸಲ ಕೇಳುವಂತೆ ಮಾಡುವುದೂ ಸಾಧ್ಯವಿತ್ತು.

ಆಮೇಲೆ ಎಸ್‌ಡಿಎಲ್‌ಸಿ ಬಂತು. 1974ರಲ್ಲಿ ಐಬಿಎಂ ಪ್ರಕಟಿಸಿದ ಎಸ್‌ಎನ್‌ಎ ಅನ್ನುವ ನೆಟ್‌ವರ್ಕ್ ವ್ಯವಸ್ಥೆಯ ಜೊತೆ ಸೇರಿಕೊಂಡ ಪದ್ಧತಿ ಇದು. ಇಲ್ಲೂ ಕೇಳದೆ ಯಾರೂ ಮಾತಾಡುವುದಿಲ್ಲ. ಆದರೆ 'ಈಗ ನಿನ್ನ ಸರದಿ' ಅನ್ನೋದಕ್ಕೆ ಒಂದೇ ಒಂದು ಬಿಟ್ ಸಾಕು. ಡೇಟಾದ ಒಂದೊಂದು ತುಂಡಿಗೂ ಒಪ್ಪಿಗೆ ಕಾಯದೆ ಏಳು ತುಂಡುಗಳವರೆಗೆ ಒಟ್ಟಿಗೆ ಕಳಿಸಬಹುದು.

ನಿಮ್ಮ ಕೆಲಸದಲ್ಲಿ ಇವತ್ತು ಇದು ಕಾಣುವುದು ಕಡಿಮೆ. ಟಿಎನ್3270 ಅನ್ನುವ ಪದ್ಧತಿ ಬಂದ ಮೇಲೆ ಅದೇ ಪರದೆ ಟಿಸಿಪಿ/ಐಪಿ ಮೇಲೆ, ಅಂದರೆ ಇಂಟರ್ನೆಟ್ ಬಳಸುವ ಪದ್ಧತಿಯ ಮೇಲೆ, ಓಡುತ್ತದೆ. ಎಂಟರ್ ಒತ್ತಿದರೆ ಡೇಟಾ ಯಾರೂ ಕೇಳದೆಯೇ ಹೊರಡುತ್ತದೆ. ಕೀಬೋರ್ಡ್ ಲಾಕ್ ಆಗುವ ಆ ಹಳೆಯ ನಡವಳಿಕೆ ಮಾತ್ರ ಉಳಿದುಕೊಂಡಿದೆ.

ಪೋಲಿಂಗ್ ಕಣ್ಣಾರೆ ನೋಡಬೇಕಾದರೆ ತಾರಿಹಾಳ ಅಥವಾ ಗೋಕುಲ ರೋಡಿನ ಕಾರ್ಖಾನೆಗಳ ಕಡೆ ಹೋಗಿ. ಅಲ್ಲಿ ಕರೆಂಟ್ ಮೀಟರ್‌ಗಳನ್ನು ಓದಲು 1979ರಲ್ಲಿ ಮೋಡಿಕಾನ್ ಕಂಪನಿ ತಂದ ಮೋಡ್‌ಬಸ್ ಅನ್ನುವ ಪದ್ಧತಿ ಇನ್ನೂ ಸಿಗುತ್ತದೆ. ಜೋಡಿ ತಂತಿ, ಅದರ ಮೇಲೆ ಹತ್ತಾರು ಮೀಟರ್, ಒಬ್ಬರೇ ಕೇಳುವವರು.

ಅಂಥ ಒಂದು ಕಾರ್ಖಾನೆಗೆ ನನ್ನನ್ನು ಕರೆದಿದ್ದರು. "ರೀಡಿಂಗ್ ಭಾಳ ತಡಾ ಆಗಿ ಬರ್ತಾವ್ರಿ, ಹೊಸ ಕಂಪ್ಯೂಟರ್ ಹಾಕ್ಬೇಕೇನ್ರಿ?" ಅಂತ ಕೇಳಿದರು. ಒಟ್ಟು 24 ಮೀಟರ್. ಒಂದು ಸುತ್ತಿಗೆ ಸುಮಾರು 20 ಸೆಕೆಂಡ್ ಹಿಡಿಯುತ್ತಿತ್ತು. ಪಟ್ಟಿ ತೆರೆದು ಒಂದೊಂದೇ ನೋಡಿದೆ. ಬೀಗ ಹಾಕಿದ್ದ ಹಿಂದಿನ ಶೆಡ್ಡಿನಲ್ಲಿ ಆರು ಮೀಟರ್ ಬಂದ್ ಆಗಿದ್ದವು. ಸಾಫ್ಟ್‌ವೇರ್ ಒಂದೊಂದಕ್ಕೂ ಮೂರು ಸಲ, ಸಲಕ್ಕೆ ಒಂದು ಸೆಕೆಂಡ್ ಕಾಯುತ್ತಿತ್ತು. ಅಲ್ಲಿಗೇ 18 ಸೆಕೆಂಡ್ ಹೋಯಿತು. ಆ ಆರು ನಂಬರ್ ಪಟ್ಟಿಯಿಂದ ತೆಗೆದೆ. ಮುಂದಿನ ಸುತ್ತು ಎರಡು ಸೆಕೆಂಡಿಗೆ ಮುಗಿಯಿತು. ಹಳೆಯ ಕಂಪ್ಯೂಟರೇ ಈಗಲೂ ಅಲ್ಲಿ ಓಡುತ್ತಿದೆ.